ಇಬ್ಬರದೂ ಒಂದೇ ತಪ್ಪು

"ನಿಮಗೂ ಇವರಿಗೂ ಏನು ಸಂಬಂಧ?"

ಲ್ಯಾಬಿನ ದೊಡ್ಡ ಮೇಡಂ ಹೀಗೆ ಕೇಳಿದ್ದೇ ತಡ, ಡಾಕ್ಟರಮ್ಮ ಕುರ್ಚಿಯಲ್ಲೇ ನೆಟ್ಟಗಾದಳು. ಬೆಳಗಿನ ಕಾಫಿ ಇನ್ನೂ ಗಂಟಲಿಂದ ಇಳಿದಿಲ್ಲ, ಆಗಲೇ ಇದೆಂಥ ಮಾತು! ಮೇಜಿನ ಆಚೆ ತುದಿಯಲ್ಲಿ ಒಬ್ಬ ಕೂತಿದ್ದ. ಕನ್ನಡಕ, ಬಾಚಣಿಗೆ ಕಾಣದ ತಲೆ, ತೋಳು ಮಡಚಿದ ನೀಲಿ ಅಂಗಿ. ಈ ಮನುಷ್ಯನನ್ನು ಅವಳು ಹಿಂದೆಂದೂ ಕಂಡವಳಲ್ಲ.

"ಇವರು ಯಾರು ಮೇಡಂ?"

"ನಾಟಕ ಬೇಡಮ್ಮ. ಇವರೇ ರೀಡರ್ ಟು."

ಅವಳ ಬಾಯಿ ತೆರೆದದ್ದು ಮುಚ್ಚಲಿಲ್ಲ. ಅವನೂ ಅಷ್ಟೇ, ಗರ ಬಡಿದವನ ಹಾಗೆ ಅವಳನ್ನೇ ನೋಡುತ್ತಿದ್ದ.

ಆ ಲ್ಯಾಬಿನ ಕೆಲಸ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಈ ರಾಮಾಯಣದ ತಲೆಬುಡ ತಿಳಿಯುವುದಿಲ್ಲ. ಕ್ಯಾನ್ಸರ್ ಗೆಡ್ಡೆಯಿಂದ ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಒಂದು ಪದರ ಕತ್ತರಿಸಿ ಗಾಜಿನ ಮೇಲೆ ಕೂರಿಸುತ್ತಾರೆ. ಅದಕ್ಕೆ ಹೊಳೆಯುವ ಬಣ್ಣ ಹಚ್ಚಿ ಫೋಟೋ ತೆಗೆಯುತ್ತಾರೆ. ತೊಳೆದು ಬೇರೆ ಬಣ್ಣ ಹಚ್ಚಿ ಮತ್ತೆ ಫೋಟೋ. ಹೀಗೆ ಸುತ್ತಿನ ಮೇಲೆ ಸುತ್ತು. ಕೊನೆಗೆ ಆ ಫೋಟೋಗಳನ್ನೆಲ್ಲ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂಡಿಸಿದರೆ ಗೆಡ್ಡೆಯ ಒಂದೊಂದು ಜೀವಕೋಶವೂ ಬೇರೆಬೇರೆ ಕಾಣುತ್ತದೆ. ಯಾವುದು ಕ್ಯಾನ್ಸರಿನದು, ಯಾವುದು ದೇಹದ ಕಾವಲಿನದು, ಯಾರ ಪಕ್ಕದಲ್ಲಿ ಯಾರು ಮನೆ ಮಾಡಿದ್ದಾರೆ, ಎಲ್ಲ. ಕಾವಲಿನವರು ಕ್ಯಾನ್ಸರಿನ ಮಗ್ಗುಲಲ್ಲೇ ಇದ್ದರೆ ಹೊಸ ಔಷಧಿಗೆ ದಾರಿ ಇದೆ, ದೂರದಲ್ಲಿ ನಿಂತಿದ್ದರೆ ಕಷ್ಟ. ಇದು ಇಂಥದ್ದು ಅಂತ ಗುರುತು ಹಾಕುವವರು ಇಬ್ಬರು ರೀಡರುಗಳು. ಒಬ್ಬರು ಈ ಕಟ್ಟಡದಲ್ಲಿ, ಇನ್ನೊಬ್ಬರು ಎಲ್ಲೋ. ಒಬ್ಬರ ಉತ್ತರ ಇನ್ನೊಬ್ಬರಿಗೆ ತಿಳಿಯಬಾರದು ಅಂತ ಇಬ್ಬರಿಗೂ ಪರಿಚಯ ಇರಕೂಡದು, ಮಾತಂತೂ ಕೂಡದೇ ಕೂಡದು. ನಮ್ಮ ಡಾಕ್ಟರಮ್ಮ ರೀಡರ್ ಒನ್.

"ಸರಿ ಉತ್ತರ ಇಬ್ಬರದೂ ಒಂದೇ ಇರಬಹುದು," ಅಂದರು ಲೆಕ್ಕದ ಸಾಹೇಬರು. ಫೋಟೋ ಕೂಡಿಸೋದು, ಅಂಕಿಅಂಶ ತೆಗೆಯೋದು ಅವರ ಪಾಲು. "ತಪ್ಪು ಉತ್ತರ ಹೇಗೆ ಒಂದೇ ಆಗುತ್ತೆ? ಈ ಮೂಲೆ ನೋಡಿ. ಕಂಪ್ಯೂಟರ್ ಬಣ್ಣ ನೋಡಿ ಕೊಟ್ಟ ಉತ್ತರದಲ್ಲಿ ಕ್ಯಾನ್ಸರ್ ಅಂತಿರೋ ಕಡೆಯೆಲ್ಲ ನೀವಿಬ್ಬರೂ ಕಾವಲು ಅಂತ ಹಾಕಿದ್ದೀರಿ. ಕಾಪಿ ಹೊಡೆದವರು ಸಿಕ್ಕಿಬೀಳೋದೇ ಹೀಗೆ."

"ನಾನು ಇವರ ಮುಖಾನೇ ನೋಡಿಲ್ಲ!"

"ನಾನೂ ನೋಡಿಲ್ಲ," ಅಂದ ಅವನು. ಆಮೇಲೆ ಮೆಲ್ಲಗೆ, "ನೋಡಿದ್ರೆ ನೆನಪಿರ್ತಿತ್ತು."

ಅಬ್ಬಾ, ಮನೆ ಹೊತ್ತಿ ಉರಿಯುವಾಗ ಇವನಿಗೆ ಸರಸ! ಅವಳು ಕಣ್ಣಲ್ಲೇ ಸುಟ್ಟಳು. "ಸುಮ್ನೆ ಕೂತ್ಕೊಳ್ರೀ!"

"ಸಲುಗೆ ನೋಡಿದ್ರಾ ಮೇಡಂ?" ಅಂದರು ಸಾಹೇಬರು.

"ನೇರವಾಗಿ ಹೇಳಿ. ಸಂಬಂಧ ಇದೆಯಾ, ಇಲ್ಲವಾ?" ಮೇಡಂ ಗದರಿದರು.

"ಇಲ್ಲ!" ಇಬ್ಬರ ಬಾಯಿಂದಲೂ ಒಂದೇ ಉಸಿರಿಗೆ ಬಂತು. ಅದೂ ಬಾಯಿಪಾಠ ಮಾಡಿಕೊಂಡು ಬಂದ ಹಾಗೇ ಕೇಳಿಸಿತು, ಗ್ರಹಚಾರ.

"ಸಂಜೆವರೆಗೆ ಟೈಮ್ ಕೊಡ್ತೀನಿ," ಅಂದರು ಮೇಡಂ. "ಸಾಹೇಬರ ಎದುರಿಗೇ ಕೂತು ಆ ಗುರುತುಗಳು ಹೇಗೆ ಬಂದವು ಅಂತ ತೋರಿಸಿ. ಆಗದಿದ್ರೆ ಇಬ್ಬರನ್ನೂ ತೆಗೆದುಹಾಕ್ತೀನಿ. ಯಾಕೆ ತೆಗೆದೆ ಅಂತ ಕೇಳಿದವರಿಗೆಲ್ಲ ಹೇಳ್ತೀನಿ ಕೂಡ."

ಅಂದರೆ ಇನ್ನು ಯಾವ ಲ್ಯಾಬಿನ ಮೆಟ್ಟಿಲೂ ಹತ್ತುವ ಹಾಗಿಲ್ಲ. ಕಾರಿಡಾರಿಗೆ ಬಂದವಳೇ ಅವಳು ಅಮ್ಮನಿಗೆ ಫೋನ್ ಮಾಡಿದಳು. ಅಳು ನುಂಗಿಕೊಂಡು, "ಅಮ್ಮಾ, ಯಾರೋ ಒಬ್ಬನ ಜೊತೆ ನನ್ನ ಹೆಸರು ಸೇರಿಸಿಬಿಟ್ಟಿದ್ದಾರೆ," ಅಂದಳು.

"ಹೌದೇನೇ? ಹುಡುಗ ಏನು ಓದಿದ್ದಾನೆ?"

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ. ಅವಳು ಫೋನ್ ಇಟ್ಟಳು.

ಮಧ್ಯಾಹ್ನವಾದರೂ ಫೋಟೋ ನೋಡುವ ಇಮೇಜಿಂಗ್ ರೂಮು ಕತ್ತಲು ಕತ್ತಲಾಗಿತ್ತು, ದೊಡ್ಡ ಸ್ಕ್ರೀನಿನ ಬೆಳಕು ಬಿಟ್ಟರೆ ಬೇರೆ ಬೆಳಕಿಲ್ಲ. ಸಾಹೇಬರು ಮೂಲೆಯಲ್ಲಿ ಲ್ಯಾಪ್‌ಟಾಪ್ ಬಿಚ್ಚಿ ಕಾವಲು ಕೂತರು. ಆ ಹಾಳು ಮೂಲೆಯ ಚಿತ್ರ ತೆರೆಯಿತು, ಕೆಂಪು, ಹಸಿರು, ಹಳದಿ.

"ಮೊದಲು ನೀವು ಹೇಳಿ," ಅಂದಳು ಬಿಗುವಾಗಿ. "ಹೇಗೆ ನೋಡ್ತೀರಿ?"

ಅವನು ಸಾಹೇಬರ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ. "ಬೈಬೇಡಿ. ನಿಯಮದ ಪ್ರಕಾರ ಬಣ್ಣ ನೋಡಿ ಗುರುತು ಹಾಕ್ಬೇಕು. ನಾನು ಮೊದಲು ಬಣ್ಣ ಎಲ್ಲಾ ಆಫ್ ಮಾಡ್ಬಿಡ್ತೀನಿ. ಬೂದು ಚಿತ್ರದಲ್ಲಿ ಆಕಾರ ನೋಡಿ ತೀರ್ಮಾನ ಮಾಡ್ತೀನಿ. ಆಮೇಲೆ ಬಣ್ಣ."

ಅವಳು ಕುರ್ಚಿ ಸಮೇತ ಅವನ ಕಡೆ ತಿರುಗಿದಳು. "ಏನಂದ್ರಿ?"

"ತಪ್ಪು ಅಂತ ಗೊತ್ತು..."

"ರೀ, ನಾನೂ ಅದನ್ನೇ ಮಾಡೋದು! ಯಾರಿಗೂ ಹೇಳಿಲ್ಲ!"

ಇಬ್ಬರೂ ಒಬ್ಬರನ್ನೊಬ್ಬರು ಪಿಳಿಪಿಳಿ ನೋಡಿದರು. ತಿಂಗಳುಗಟ್ಟಲೆ ತಾನೊಬ್ಬಳೇ ಕಳ್ಳಿ ಅಂದುಕೊಂಡು ಮಾಡಿದ ಕೆಲಸವನ್ನು ಇನ್ಯಾವುದೋ ಕಟ್ಟಡದಲ್ಲಿ ಇನ್ನೊಬ್ಬ ಕೂತು ಮಾಡುತ್ತಿದ್ದ.

ಅವನು ಬಣ್ಣ ಆರಿಸಿದ. ಬೂದು ಚಿತ್ರದಲ್ಲಿ ಸಣ್ಣ, ಗುಂಡಗಿನ, ಕಪ್ಪು ಚುಕ್ಕೆಗಳು. ಮಗು ನೋಡಿದರೂ ಹೇಳಬಹುದು, ಅವು ಕಾವಲಿನವು. ಬಣ್ಣ ಹಾಕಿದರೆ ಅವೇ ಚುಕ್ಕೆಗಳ ಮೇಲೆ ಕ್ಯಾನ್ಸರಿನ ಕೆಂಪು.

"ಎಡಕ್ಕೆ ಹೋಗಿ," ಅನ್ನುವಷ್ಟರಲ್ಲಿ ಅವನು ಎಡಕ್ಕೆ ಹೋಗಿಯಾಗಿತ್ತು.

ಅಲ್ಲಿ ಕ್ಯಾನ್ಸರಿನ ದೊಡ್ಡ, ಸೊಟ್ಟ ಜೀವಕೋಶಗಳು ಕೆಂಪಿಲ್ಲದೆ ಬೋಳುಬೋಳಾಗಿ ಕೂತಿದ್ದವು. ಕೊನೆಯ ಸುತ್ತಿನ ಫೋಟೋ ಈ ಮೂಲೆಯಲ್ಲಿ ಕೂದಲೆಳೆಯಷ್ಟು ಜಾರಿತ್ತು, ಈ ಮನೆಯ ಬಣ್ಣ ಪಕ್ಕದ ಮನೆಯ ಗೋಡೆಗೆ ಬಿದ್ದಿತ್ತು.

"ಸಾಹೇಬ್ರೇ, ಇಲ್ಲಿ ಬನ್ನಿ ಸ್ವಲ್ಪ."

ಸಾಹೇಬರು ಬಂದರು, ಬಗ್ಗಿದರು, ಬಿಳುಚಿಕೊಂಡರು. "ಅಯ್ಯಯ್ಯೋ! ತಪ್ಪಿರೋದು ಉತ್ತರದಲ್ಲೇ! ಕೂಡಿಸಿದ್ದು ನಾನೇ ಅಲ್ವಾ... ಈ ಮೂಲೆಯ ಲೆಕ್ಕದ ಮೇಲೆ ಔಷಧಿ ನಿಲ್ಲಿಸಿಬಿಡೋರಿದ್ವಿ!" ಬಾಗಿಲ ಕಡೆ ಓಡುತ್ತಾ ಅಲ್ಲಿಂದಲೇ ಬೆರಳು ತೋರಿಸಿದರು. "ನೀವಿಬ್ಬರೂ ಮಾತಾಡಬೇಡಿ!"

ಬಾಗಿಲು ಮುಚ್ಚಿತು. ಅವನು ಪಿಸುಗುಟ್ಟಿದ.

"ಮಾತಾಡಬಾರದು ಅಂದ್ರು. ನೋಡಬಾರದು ಅನ್ನಲಿಲ್ಲ."

ನೋಡಿದ. ಅವನ ಕನ್ನಡಕದ ಗಾಜಿನಲ್ಲಿ ಸ್ಕ್ರೀನಿನ ಬೂದು ಬೆಳಕು, ಅದರ ಹಿಂದೆ ನಗು ತಡೆಯಲಾಗದ ಎರಡು ಕಣ್ಣು. ಅವಳು ಮುಖ ತಿರುಗಿಸಬೇಕು ಅಂದುಕೊಂಡಳು. ಕುತ್ತಿಗೆ ಕೇಳಲಿಲ್ಲ.

"ರೀಡರ್ ಒನ್ ಅಂದ್ರೆ ದಪ್ಪ ಮೀಸೆಯ ಅಜ್ಜ ಅಂದ್ಕೊಂಡಿದ್ದೆ," ಅಂದ.

"ಮೀಸೆ ಈಗ ತಾನೇ ತೆಗೆಸಿದ್ದು."

ಇಬ್ಬರೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ನಗು ನಿಂತ ಮೇಲೆ ಅವನು ತಡೆದು ತಡೆದು ಕೇಳಿದ, "ಒಂದು ಗೆಡ್ಡೆಯಲ್ಲಿ ಸುತ್ತಲೂ ಕ್ಯಾನ್ಸರ್, ನಡುವೆ ಒಂದೇ ಒಂದು ಕಾವಲು ಇತ್ತಲ್ಲ. ನೆನಪಿದೆಯಾ?"

"ಅದಕ್ಕೆ ಗುರುತು ಹಾಕಿ ಅತ್ತುಬಿಟ್ಟೆ ನಾನು."

"ನಾನು ಎದ್ದು ಹೊರಗೆ ಹೋದೆ. ಆ ಕಡೆ ಕೂತವರಿಗೂ ಹೀಗೇ ಆಗಿರುತ್ತಾ ಅಂತ ಯೋಚಿಸ್ತಾ ನಿಂತಿದ್ದೆ." ದನಿ ಇಳಿಯಿತು. "ನನಗೆ ನಿಮ್ಮ ಪರಿಚಯ ಇವತ್ತಿನದು ಅನ್ನಿಸ್ತಾ ಇಲ್ಲ ಕಣ್ರೀ."

ಅವಳಿಗೂ ಅನ್ನಿಸಿರಲಿಲ್ಲ. ಹೇಳಲು ಬಾಯಿ ತೆರೆದಳು, ಅಷ್ಟರಲ್ಲಿ ಸಾಹೇಬರು ಮೇಡಂ ಅವರನ್ನು ಕರೆದುಕೊಂಡೇ ಬಂದರು.

ಮೇಡಂ ಚಿತ್ರವನ್ನು ತುಂಬ ಹೊತ್ತು ನೋಡಿದರು. "ಬೆಳಗ್ಗೆ ಆಡಬಾರದ ಮಾತಾಡಿದೆ, ಕ್ಷಮಿಸಿ," ಅಂದರು. ದೊಡ್ಡವರು ಹಾಗೆ ಹೇಳುವುದು ಸಣ್ಣ ಮಾತಲ್ಲ. "ಇನ್ನರ್ಧ ಕೆಲಸಕ್ಕೂ ನೀವಿಬ್ಬರೇ ಬೇಕು. ಆದರೆ ಇವತ್ತಿನದು ಇವತ್ತಿಗೇ ಮುಗೀತು. ಇನ್ನೊಂದು ವರ್ಷ ಫೋನಿಲ್ಲ, ಮೆಸೇಜಿಲ್ಲ, ದಾರಿಯಲ್ಲಿ ಎದುರಾದ್ರೂ ಗುರುತಿಲ್ಲ. ನಿಯಮ ಇದೆ, ಮತ್ತೆ ಕೇಳಲೇಬೇಕು. ಇಬ್ಬರ ನಡುವೆ ಏನಾದರೂ ಸಂಬಂಧ?"

"ಇಲ್ಲ," ಅಂದಳು ಅವಳು.

ಮೇಡಂ ತಲೆಯಾಡಿಸಿದರು. ಅಷ್ಟೇ, ಮರುಪ್ರಶ್ನೆ ಇಲ್ಲ. ತನ್ನ ನಾಲಿಗೆ ಇಷ್ಟು ಸಲೀಸಾಗಿ ಸುಳ್ಳು ಹೇಳುತ್ತದೆ ಅಂತ ಅವಳಿಗೇ ಗೊತ್ತಿರಲಿಲ್ಲ.

"ಇದೆ," ಅಂದ ಅವನು.

ಸಾಹೇಬರು ಗೋಡೆ ಹಿಡಿದುಕೊಂಡರು.

"ಯಾವಾಗಿಂದ?" ಅಂದರು ಮೇಡಂ.

"ಮಧ್ಯಾಹ್ನದಿಂದ."

"ತಮಾಷೆನಾ?"

"ಅಲ್ಲ ಮೇಡಂ. ಇವರನ್ನ ಕಂಡೂ ಕಾಣದ ಹಾಗೆ ವರ್ಷವಿಡೀ ಇರೋಕೆ ನನ್ನ ಕೈಲಾಗಲ್ಲ. ಅವರು ಇಲ್ಲ ಅಂದಿದ್ದಾರೆ, ಅದು ಅವರ ಉತ್ತರ. ನನ್ನನ್ನ ಬಿಟ್ಟುಬಿಡಿ."

ಮೇಡಂ ಅವಳ ಕಡೆ ತಿರುಗಿದರು. "ನಿಮ್ಮದು ಇಲ್ಲ ಅಂತಲೇ ಇಟ್ಕೊಳ್ಳಲಾ?"

ಹೂಂ ಅಂದರೆ ಸಾಕಿತ್ತು. ಕೆಲಸ, ಹೆಸರು, ಕುರ್ಚಿ ಎಲ್ಲ ಅವಳದೇ. ಬೆಳಗಿನಿಂದ ಅವಳು ಹೊಡೆದಾಡಿದ್ದೂ ಅದಕ್ಕೇ.

"ಬೇಡ ಮೇಡಂ," ಅಂದಳು. "ಬೆಳಗ್ಗೆ ನಿಜ ಹೇಳಿದೆ, ನೀವು ನಂಬಲಿಲ್ಲ. ಈಗ ಸುಳ್ಳು ಹೇಳಿದೆ, ಸಲೀಸಾಗಿ ನಂಬಿಬಿಟ್ರಿ. ನನಗೇ ಹೆದರಿಕೆ ಆಯ್ತು. ಇದೆ. ನನ್ನ ಕಡೆಯಿಂದಲೂ ಇದೆ."

"ಹಾಗಾದ್ರೆ ಒಬ್ಬರು ಹೋಗಲೇಬೇಕು. ಯಾರು?"

"ನಾನು!" ಅಂದರು ಇಬ್ಬರೂ, ಒಟ್ಟಿಗೇ.

ಮೇಡಂ ತಲೆಯ ಮೇಲೆ ಕೈಯಿಟ್ಟು ಕುರ್ಚಿಯಲ್ಲಿ ಕುಸಿದರು. ಅವನ ಕಡೆ ನೋಡಿ, "ನೀವು ಹೊರಡಿ," ಅಂದರು. "ಹೇಳಿದ ಸುಳ್ಳನ್ನ ತಾನೇ ತಿದ್ದಿಕೊಂಡವಳನ್ನ ನಾನು ಬಿಟ್ಟುಕೊಡಲ್ಲ. ನಿಮಗೆ ಬೇರೆ ಕಡೆ ಕೆಲಸಕ್ಕೆ ನಾನೇ ಪತ್ರ ಬರೆದುಕೊಡ್ತೀನಿ. ಹೋಗಿ, ಇಬ್ಬರೂ ಕಣ್ಣೆದುರಿಂದ ಹೋಗಿ ಮೊದಲು."

ಹೊರಗಿನ ಮೆಟ್ಟಿಲಿಳಿಯುವಾಗ ಅವಳಿಗೆ ಅಳುವೋ ನಗುವೋ ತಿಳಿಯಲಿಲ್ಲ. "ಒಂದು ಮಧ್ಯಾಹ್ನಕ್ಕೆ ಕೆಲಸ ಕಳ್ಕೊಂಡ್ರಲ್ಲ, ಹುಚ್ಚೇನ್ರೀ ನಿಮಗೆ?"

"ನೀವು ಇಲ್ಲ ಅಂದಾಗ ಜೀವ ಹೋದ ಹಾಗಾಯ್ತು. ಅದರ ಮುಂದೆ ಇದೇನು ಮಹಾ?"

ಅವಳು ಅಲ್ಲೇ ನಿಂತಳು. ಮೇಲೆ ಲ್ಯಾಬಿನ ಕಿಟಕಿಗಳ ತುಂಬ ತಲೆಗಳು. ಎಲ್ಲರೂ ನೋಡಲಿ ಅಂತಲೇ ಅವನ ಕೈ ಹಿಡಿದುಕೊಂಡಳು.