ಎರಡನೇ ಗುಹೆಯಲ್ಲಿ ಕಾಣೆಯಾದ ಬಳೆ

ಎರಡನೇ ಗುಹೆಯ ಕತ್ತಲಿನಿಂದ ದೋಣಿಯ ಮೂತಿ ಬಿಸಿಲಿಗೆ ಬಂದದ್ದೇ ತಡ, ಹಿರಿಯಾಕೆ ಲುವಾ ಬೀಸಣಿಗೆಗೆಂದು ಚೀಲಕ್ಕೆ ಕೈ ಹಾಕಿದಳು. ಕೈ ಅಲ್ಲೇ ನಿಂತಿತು.

“ಬಳೆ ಎಲ್ಲಿ?”

ಅವಳು ಚೀಲದ ತಳದವರೆಗೂ ತಡಕಾಡಿದಳು.

“ಉಯೆನ್, ಬಳೆ ಎಲ್ಲೇ? ಚೀಲದಲ್ಲಿ ರೇಷ್ಮೆ ಸಂಚಿಯೇ ಇಲ್ಲ!”

ಹಿಂದೆ ಕೂತು ಪಾದಗಳಿಂದ ಹುಟ್ಟು ಹಾಕುತ್ತಿದ್ದ ನ್ಯಾನ್ ಕಾಲು ನಿಲ್ಲಿಸಿದಳು. ಮೂರು ಗುಹೆ ದಾಟಿ ಹರಿಯುವ ತಾಮ್ ಕೊಕ್‌ನ ಈ ಹೊಳೆಯಲ್ಲಿ ಅವಳು ದೋಣಿ ನಡೆಸಲು ಶುರುಮಾಡಿದಾಗ ಅವಳ ಮಗಳಿನ್ನೂ ತೊಟ್ಟಿಲಲ್ಲಿದ್ದಳು. ಪ್ರವಾಸಿಗರು ನೀರಿಗೆ ಬೀಳಿಸಿಕೊಂಡ ಟೋಪಿ, ಫೋನು, ಒಮ್ಮೆ ಒಬ್ಬ ಮುದುಕನ ಹಲ್ಲಿನ ಸೆಟ್ಟು— ಎಲ್ಲ ನೋಡಿದ್ದಳು. ಆದರೆ ಇದು ಅಂಥದ್ದಲ್ಲ. ದಡದ ಎರಡೂ ಕಡೆ ಹಣ್ಣಾದ ಭತ್ತ, ಅದರಾಚೆ ಸುಣ್ಣಕಲ್ಲಿನ ಗುಡ್ಡಗಳು, ನಡುವೆ ಒಂದು ದೋಣಿ. ದೋಣಿಯಲ್ಲಿ ನಾಲ್ಕೇ ಹೆಂಗಸರು.

ಹಾಯ್‌ಫಾಂಗ್ ಪಟ್ಟಣದಿಂದ ಬಂದ ಕುಟುಂಬ. ಲುವಾ, ಅವಳ ಮಗಳು ಉಯೆನ್, ಹೊಸ ಸೊಸೆ ದಿಯೆಪ್. ಮಗ ಖಾಯ್ ಸೈಕಲ್ ಹತ್ತಿ ರಸ್ತೆಯಲ್ಲಿ ಮುಂದೆ ಹೋಗಿದ್ದ. ಹೂವು, ಊದುಬತ್ತಿ ಹಿಡಿದು ದೇವಸ್ಥಾನದಲ್ಲಿ ಕಾಯುತ್ತಿದ್ದ. ದೋಣಿಯಾನ ಮುಗಿಸಿ ಅಲ್ಲಿಗೇ ಹೋಗಿ, ಅತ್ತೆಯು ಸೊಸೆಯ ಕೈಗೆ ಮನೆತನದ ಜೇಡ್ ಕಲ್ಲಿನ ಹಸಿರು ಬಳೆ ತೊಡಿಸುವುದೆಂದು ಮಾತಾಗಿತ್ತು. ಬೆಳಗಿನಿಂದ ದೋಣಿಯಲ್ಲಿ ಅದೇ ಮಾತು. ನ್ಯಾನ್‌ಗೂ ಬಾಯಿಪಾಠವಾಗಿತ್ತು.

“ನೀರಿಗೆ ಬಿದ್ದಿರಬೇಕಮ್ಮ,” ಉಯೆನ್ ಎಂದಳು. “ಕತ್ತಲಲ್ಲಿ ಹೇಗೋ—”

“ಹೇಗೆ ಬೀಳುತ್ತೆ? ಚೀಲಕ್ಕೆ ಗುಂಡಿ ಹಾಕಿತ್ತು! ಗುಂಡಿ ಬಿಚ್ಚಿ ಹಾರಿ ಹೋಯ್ತಾ?”

ಉಯೆನ್ ಒಂದು ಕ್ಷಣ ತಡವರಿಸಿದಳು. ಆಮೇಲೆ ತಿರುಗಿ ನ್ಯಾನ್‌ಳನ್ನು ನೋಡಿದಳು.

“ಹಾಗಾದ್ರೆ ಯಾರೋ ಬಿಚ್ಚಿದ್ದಾರೆ. ಚೀಲ ಇದ್ದದ್ದು ನಿನ್ನ ಬೆನ್ನ ಹಿಂದೆ ಅಮ್ಮ. ಅದರ ಹಿಂದೆ ಯಾರು ಕೂತಿದ್ದಾರೆ ನೋಡು. ಕಾಲಲ್ಲಿ ದೋಣಿ ನಡೆಸೋರಿಗೆ ಕೈ ಖಾಲಿ ಇರುತ್ತಲ್ವಾ?”

“ಏನಂದ್ರಿ?”

“ಕಳ್ಳಿ ಅಂದೆ! ದೋಣಿಕಟ್ಟೆಗೆ ವಾಪಸ್ ನಡಿ. ದೂರು ಕೊಡ್ತೀನಿ!”

ಆ ಮಾತು ಗುಡ್ಡಕ್ಕೆ ಬಡಿದು ತಿರುಗಿ ಬಂತು. ಹಿಂದೆ ಬರುತ್ತಿದ್ದ ದೋಣಿಗಳು ನಿಂತವು. ನೆರೆಮನೆಯ ಬೋಂಗ್ ತನ್ನ ದೋಣಿಯಿಂದಲೇ ಕತ್ತು ಚಾಚಿದಳು.

“ಏನಾಯ್ತೇ ನ್ಯಾನ್?”

ನ್ಯಾನ್‌ಳ ಕಿವಿ ಕೆಂಪಾಯಿತು. ದೂರು ಬಿದ್ದರೆ ದೋಣಿ ನಡೆಸುವ ಸರದಿ ಹೋಗುತ್ತದೆ. ಸರದಿ ಹೋದರೂ ಹೇಗೋ ಬದುಕಬಹುದು. ಆದರೆ ಸಂಜೆ ಸಂತೆಯಲ್ಲಿ ಬೋಂಗ್‌ಳ ಮುಖ ನೋಡುವುದು ಹೇಗೆ? ಅವಳು ಅಂಗಿಯ ಜೇಬುಗಳನ್ನು ಹೊರಕ್ಕೆಳೆದಳು. ಕಾಲಡಿಯ ಹಲಗೆ ಎತ್ತಿದಳು. ಕೆಸರುನೀರು, ಹಳೆಯ ಬಟ್ಟೆಚಿಂದಿ. ಅಷ್ಟೇ.

“ನೋಡಿ. ಚೆನ್ನಾಗಿ ನೋಡಿ. ಬೇಕಾದ್ರೆ ದೋಣಿ ಬೋರಲು ಹಾಕ್ತೀನಿ. ನಿಮಗೆ ಈಜು ಬರುತ್ತೆ ತಾನೆ?”

ಮೂತಿಯಲ್ಲಿ ಕೂತಿದ್ದ ಸೊಸೆ ದಿಯೆಪ್ ಇತ್ತ ತಿರುಗಿದಳು. ವಿಮೆ ಕಂಪನಿಯಲ್ಲಿ ನಷ್ಟದ ತನಿಖೆ ಮಾಡುವ ಹುಡುಗಿ. ಸುಟ್ಟ ಅಂಗಡಿ, ಮುಳುಗಿದ ಲಾರಿ ನೋಡಿ, ಯಾರು ನಿಜ ಹೇಳ್ತಾರೆ ಯಾರು ಸುಳ್ಳು ಹೇಳ್ತಾರೆ ಎಂದು ಹುಡುಕುವ ಕೆಲಸ. ಈಗ ಅವಳು ಮೊಣಕಾಲ ಮೇಲೆ ತೆವಳುತ್ತ ಹಿಂದಕ್ಕೆ ಬಂದಳು. ದೋಣಿ ಓಲಾಡಿತು.

“ಅಕ್ಕ, ಗುಹೆಯೊಳಗೆ ನಿಮ್ಮ ಕೈ ಎಲ್ಲಿತ್ತು?” ನ್ಯಾನ್‌ಳನ್ನು ಕೇಳಿದಳು.

“ತಲೆ ಮೇಲೆ. ಮಳೆ ಬಂದು ನೀರು ಏರಿದೆ, ಬಂಡೆ ತಗ್ಗಾಗಿದೆ. ನಾನು ಎರಡೂ ಕೈಯಲ್ಲಿ ಬಂಡೆ ತಳ್ಳದೇ ಇದ್ದಿದ್ರೆ ನಿಮ್ಮೆಲ್ಲರ ಹಣೆ ಒಡೀತಿತ್ತು.”

“ಅಂಗೈ ತೋರಿಸಿ.”

ಅಂಗೈ ತುಂಬ ಕಪ್ಪು ಪಾಚಿ. ಉಗುರಿನ ಸಂದಿಯಲ್ಲೂ.

ದಿಯೆಪ್ ಚೀಲ ಎತ್ತಿ ಹಿಡಿದಳು. ಬಿಳಿ ಬಟ್ಟೆ. ಗುಂಡಿಯ ಸುತ್ತ ಒಂದು ಕಲೆಯೂ ಇಲ್ಲ.

“ತೊಳ್ಕೊಂಡಿರ್ತಾಳೆ!” ಉಯೆನ್ ಎಂದಳು.

“ತೊಳೆದ ಕೈ ಹೀಗಿರುತ್ತಾ ಅಕ್ಕ?”

ಉಯೆನ್ ಮುಖ ತಿರುಗಿಸಿದಳು. ನ್ಯಾನ್ ಮೊದಲ ಬಾರಿಗೆ ಉಸಿರು ಬಿಟ್ಟಳು. ಆದರೆ ಬಳೆ? ಅದು ಎಲ್ಲಿ ಹೋಯಿತು? ಅವಳಿಗೇ ಕುತೂಹಲ ಹತ್ತಿತು. ಕೋಪವನ್ನು ಪಕ್ಕಕ್ಕಿಟ್ಟು ಮುಂದಕ್ಕೆ ಬಾಗಿ ಕೂತಳು.

ದಿಯೆಪ್ ಅತ್ತೆಯ ಕಡೆ ತಿರುಗಿದಳು. “ಅತ್ತೆ, ಚೀಲದಲ್ಲಿ ಏನೇನಿತ್ತು? ಎಲ್ಲ ಹೇಳಿ.”

“ಇನ್ನೇನು— ಬೀಸಣಿಗೆ, ಟವೆಲು, ಬಾಳೆ ಎಲೆಯಲ್ಲಿ ಕಟ್ಟಿದ ಅಂಟಕ್ಕಿ ಅನ್ನ. ಆಮೇಲೆ ಸಂಚಿ.”

“ಫೋನು? ಬೀಗದಕೈ?”

“ಫೋನು ಬೆಳಗಿನಿಂದ ಉಯೆನ್ ಹತ್ರ, ಫೋಟೋ ತೆಗೀತಿದಾಳೆ. ಬೀಗದಕೈ ಖಾಯ್ ಹತ್ರ.”

“ಬಳೆಯನ್ನ ನೀವು ಕೊನೆಗೆ ನೋಡಿದ್ದು ಯಾವಾಗ?”

“ಮೊನ್ನೆ. ಇವತ್ತು ಸಂಚಿಗೆ ಹಾಕಿದ್ದು ಉಯೆನ್. ‘ಬಿಚ್ಚಬೇಡಮ್ಮ, ದೇವಸ್ಥಾನದಲ್ಲೇ ಬಿಚ್ಚು, ಒಳ್ಳೇದು’ ಅಂದ್ಲು. ನಾನು ಮುಟ್ಟಲೂ ಇಲ್ಲ.”

“ಇವತ್ತು ಬೆಳಿಗ್ಗೆ ನೀವು ನೋಡಿದಾಗ ಬಳೆ ಚೆನ್ನಾಗಿತ್ತಾ ಅಕ್ಕ?” ದಿಯೆಪ್ ಉಯೆನ್‌ಳನ್ನು ಕೇಳಿದಳು.

“ಚೆನ್ನಾಗಿತ್ತು,” ಉಯೆನ್ ಥಟ್ಟನೆ ಹೇಳಿದಳು. “ಒರೆಸಿ, ಸಂಚಿಗೆ ಹಾಕಿ, ದಾರ ಎಳೆದೆ. ಇದೇನು, ನನ್ನ ವಿಚಾರಣೆ ಮಾಡ್ತೀಯಾ? ನಮ್ಮನೆಗೆ ಬಂದು ಎಷ್ಟು ದಿನ ಆಯ್ತು ನೀನು?”

“ವಿಚಾರಣೆ ಅಲ್ಲ ಅಕ್ಕ. ಕೇಳ್ತಿದೀನಿ. ಆಮೇಲೆ, ದೋಣಿ ಹೊರಟ ಮೇಲೆ ಏನೇನಾಯ್ತು?”

“ಏನೂ ಆಗ್ಲಿಲ್ಲ,” ಲುವಾ ಎಂದಳು. “ಹಾಂ, ಮೊದಲನೇ ಗುಹೆ ಬಾಯಲ್ಲಿ ಆ ಹೆಂಗಸು ತಮಾಷೆಗೆ ಅಂತ ದೋಣಿ ತಂದು ಗುದ್ದಿದಳಲ್ಲ—”

“ನಾನಾ? ನಾನು ಮೆಲ್ಲಗೆ ತಾಗಿಸಿದ್ದು!” ಬೋಂಗ್ ಅಲ್ಲಿಂದಲೇ ಕೂಗಿದಳು. ಅವಳ ದೋಣಿಯಲ್ಲಿದ್ದ ಪ್ರವಾಸಿಗರೂ ಗುಹೆ ನೋಡುವುದು ಬಿಟ್ಟು ಇತ್ತಲೇ ನೋಡುತ್ತಿದ್ದರು.

“ಚೀಲ ಹಲಗೆಗೆ ಬಡೀತು. ಒಳಗೆ ಟಿಣ್ ಅಂತು. ನನ್ನ ಎದೆ ಧಸಕ್ ಅಂತು. ‘ಒಳಗೆ ಬಳೆ ಇದೆ ಕಣ್ರೇ’ ಅಂತ ಬೈದೆ,” ಲುವಾ ಮುಂದುವರಿಸಿದಳು.

“ನನಗೂ ಕೇಳಿಸ್ತು,” ನ್ಯಾನ್ ಎಂದಳು. “ಟಿಣ್ ಅಂದಿದ್ದು ನಿಜ.”

“ಗುಹೆಯೊಳಗೆ ಏನಾದ್ರೂ ನೀರಿಗೆ ಬಿದ್ದ ಸದ್ದು?”

ನ್ಯಾನ್ ತಲೆಯಾಡಿಸಿದಳು. “ಅಲ್ಲಿ ಸೂರಿನಿಂದ ಒಂದು ಹನಿ ಬಿದ್ರೂ ಕೇಳುತ್ತೆ. ಏನೂ ಬೀಳ್ಲಿಲ್ಲ.”

ದಿಯೆಪ್ ಒಬ್ಬೊಬ್ಬರನ್ನೇ ನೋಡಿದಳು. ಮುಖದ ಮೇಲೆ ಬಿಸಿಲು ಸುಡುತ್ತಿತ್ತು. ಗುಹೆಯಿಂದ ಹೊರಬಂದ ಕೂಡಲೇ ಅತ್ತೆ ಟೋಪಿ ಹಾಕಿಕೊಂಡಿದ್ದಳು, ದಿಯೆಪ್ ಕೂಡ ಹಾಕಿಕೊಂಡಿದ್ದಳು. ಉಯೆನ್‌ಳ ಎಲೆಟೋಪಿ ಮಾತ್ರ ಅವಳ ಮಡಿಲಲ್ಲಿ ಬೋರಲಾಗಿ, ಮೇಲೊಂದು ಶಾಲು ಹೊದ್ದುಕೊಂಡು ಕೂತಿತ್ತು. ನೆತ್ತಿ ಸುಟ್ಟು ಅವಳ ಕಪಾಳದ ಮೇಲೆ ಬೆವರು ಇಳಿಯುತ್ತಿತ್ತು.

ದಿಯೆಪ್ ಎರಡು ಸಲ ಬಾಯಿ ತೆರೆದು ಮುಚ್ಚಿದ್ದನ್ನು ನ್ಯಾನ್ ಕಂಡಳು. ಈ ಹುಡುಗಿಗೆ ಉತ್ತರ ಗೊತ್ತಾಗಿದೆ. ಹೇಳಲು ಹೆದರುತ್ತಿದ್ದಾಳೆ. ಹೇಳಿದರೆ ನಾಳೆಯಿಂದ ಬಾಳಬೇಕಾದ್ದು ಇವರ ಜೊತೆಗೇ. ಹೇಳದಿದ್ದರೆ— ತನ್ನ ಗತಿ?

“ಹೇಳಮ್ಮ,” ನ್ಯಾನ್ ಮೆಲ್ಲನೆ ಎಂದಳು. “ಇಲ್ಲಾಂದ್ರೆ ಆ ಹೆಸರು ನನ್ನ ತಲೆ ಮೇಲೇ ಕೂರುತ್ತೆ.”

ದಿಯೆಪ್ ಅವಳ ಕಪ್ಪಾದ ಅಂಗೈಗಳನ್ನೇ ನೋಡಿದಳು. ಆಮೇಲೆ ಹೇಳಿದಳು.

“ಅತ್ತೆ, ಟಿಣ್ ಅಂತು ಅಂದ್ರಲ್ಲ. ಯಾವುದು ಯಾವುದಕ್ಕೆ ಬಡೀತು?”

“ಬಳೆ ಬಡೀತು.”

“ಯಾವುದಕ್ಕೆ? ಬೀಸಣಿಗೆ ಕಾಗದದ್ದು. ಟವೆಲು, ಅನ್ನ— ಎಲ್ಲ ಮೆತ್ತಗಿನವು. ಬಳೆ ರೇಷ್ಮೆ ಸಂಚಿಯೊಳಗೆ ಒಂಟಿಯಾಗಿತ್ತು. ಹಲಗೆಗೆ ಬಡಿದಿದ್ರೆ ಧಪ್ ಅನ್ನಬೇಕಿತ್ತು. ಟಿಣ್ ಅನ್ನೋಕೆ ಕಲ್ಲಿಗೆ ಕಲ್ಲು ಬೇಕು.”

ಲುವಾ ಪಕ್ಕದ ಹಲಗೆಯನ್ನು ಬೆರಳಿಂದ ತಟ್ಟಿ ನೋಡಿದಳು.

“ಸಂಚಿಯಲ್ಲಿ ಎರಡು ಚೂರಿತ್ತು ಅತ್ತೆ. ದೋಣಿ ಹತ್ತೋ ಮೊದಲೇ ಬಳೆ ಒಡೆದಿತ್ತು. ಬೆಳಿಗ್ಗೆ ಚೆನ್ನಾಗಿತ್ತು ಅಂದವರು ಒಬ್ಬರೇ. ಬಿಚ್ಚಬೇಡ ಅಂದವರೂ ಅವರೇ. ಗುಹೆಯಲ್ಲಿ ನಿಮ್ಮ ಪಕ್ಕ ಕೂತಿದ್ದವರೂ ಅವರೇ. ನೀರಿಗೆ ಏನೂ ಬಿದ್ದಿಲ್ಲ.” ಅವಳ ದನಿ ಇಳಿಯಿತು. “ಅಕ್ಕ, ಇಷ್ಟು ಬಿಸಿಲಲ್ಲಿ ಟೋಪಿ ಯಾಕೆ ಹಾಕ್ಕೊಂಡಿಲ್ಲ?”

ಉಯೆನ್ ಶಾಲನ್ನು ಗಟ್ಟಿಯಾಗಿ ಹಿಡಿದಳು. ಅವಳ ತಾಯಿ ಅವಳ ಕೈಯನ್ನೇ ನೋಡುತ್ತಿದ್ದಳು. ಕೊನೆಗೆ ಉಯೆನ್ ತಾನೇ ಶಾಲು ಸರಿಸಿ, ಟೋಪಿಯನ್ನು ಎತ್ತಿದಳು. ಅದರಡಿ ಕೆಂಪು ಸಂಚಿ. ಸಂಚಿಯೊಳಗಿಂದ ಎರಡು ಹಸಿರು ಚೂರು.

“ಎಸೆಯೋಣ ಅಂತಲೇ ತೆಗೆದೆ,” ಅವಳೆಂದಳು. “ಕೈ ಬರಲಿಲ್ಲ ಅಮ್ಮ. ನೀನು ಅದನ್ನ ಹಾಕ್ಕೊಂಡೇ ನನ್ನ ತಲೆ ಬಾಚ್ತಿದ್ದೆ.”

“ಒಡೆದದ್ದು ಹೇಗೆ?” ಲುವಾ ಕೇಳಿದಳು.

“ನಿನ್ನೆ ಹೋಟೆಲಿನ ಬಚ್ಚಲಲ್ಲಿ. ಸೋಪು ಹಚ್ಚಿ ಒಂದೇ ಸಲ ಹಾಕ್ಕೊಂಡು ನೋಡೋಣ ಅಂದ್ಕೊಂಡೆ. ಗೆಣ್ಣು ದಾಟಲಿಲ್ಲ. ಎಳೆದೆ. ಜಾರಿ ಬಿತ್ತು.” ಅವಳು ಶಾಲಿನ ಅಂಚಿನಿಂದ ಕಣ್ಣೊರೆಸಿಕೊಂಡಳು. “ನಾನೂ ಮಗಳೇ ಅಲ್ವಾ? ಬಳೆ ಸೊಸೆಗೆ ಅಂತ ಎಲ್ಲರಿಗೂ ಗೊತ್ತು. ‘ನಿನಗೂ ಆಸೆ ಇದೆಯಾ’ ಅಂತ ನೀನು ಒಂದು ದಿನ ಕೇಳಿದ್ಯಾ?”

ಲುವಾ ಚೂರುಗಳನ್ನು ಅಂಗೈಯಲ್ಲಿ ಹಿಡಿದು ಜೋಡಿಸಿ ನೋಡಿದಳು. ಬೈಯುತ್ತಾಳೆ ಎಂದುಕೊಂಡಳು ನ್ಯಾನ್. ಬೈಯಲಿಲ್ಲ.

“ಕೇಳಲಿಲ್ಲ,” ಎಂದಳು ಲುವಾ. “ಅದು ನನ್ನ ತಪ್ಪು. ನಿಂದು ಬೇರೆ ಇದೆ.”

ದಿಯೆಪ್ ತನ್ನ ಬಲಗೈ ಚಾಚಿದಳು. ಮಣಿಕಟ್ಟಿನ ಮೇಲೆ, ಹೆಬ್ಬೆರಳ ಬುಡದಲ್ಲಿ ಕೆಂಪು ಗೀರುಗಳು.

“ಅತ್ತೆ, ನನ್ನ ಕೈಗೂ ಅದು ಹಿಡಿಯಲ್ಲ. ಅಳತೆ ನೋಡೋಕೆ ಪೇಟೆಯಿಂದ ಅಷ್ಟೇ ಸುತ್ತಳತೆಯ ಪ್ಲಾಸ್ಟಿಕ್ ಬಳೆ ತಂದು ವಾರದಿಂದ ಸೋಪು ಹಚ್ಚಿ ಒದ್ದಾಡ್ತಿದೀನಿ. ಇವತ್ತು ದೇವಸ್ಥಾನದಲ್ಲಿ ಏನು ಗತಿ ಅಂತ ರಾತ್ರಿಯೆಲ್ಲ ನಿದ್ದೆ ಇಲ್ಲ.”

ಅಳುತ್ತಿದ್ದ ಉಯೆನ್‌ಳ ಮೂಗಿನಿಂದ ನಗು ಸಿಡಿಯಿತು. ಲುವಾಳೂ ನಕ್ಕಳು, ಕಣ್ಣೊರೆಸಿಕೊಂಡಳು. ಚಿನ್ನದ ಪಟ್ಟಿ ಹಾಕಿ ಕೂಡಿಸಿದರೆ ಬಿಚ್ಚಿ ತೊಡುವ ಹಾಗೂ ಆಗುತ್ತದೆ, ಯಾರ ಕೈಗಾದರೂ ಹಿಡಿಯುತ್ತದೆ ಎಂದು ದಿಯೆಪ್ ಏನೋ ಹೇಳತೊಡಗಿದಳು. ಮೂವರೂ ಒಟ್ಟಿಗೆ ಮಾತಿಗೆ ಬಿದ್ದರು.

ನ್ಯಾನ್ ಕಾಲು ಹುಟ್ಟಿನ ಮೇಲಿಡಲಿಲ್ಲ. ದೋಣಿ ನಿಂತಲ್ಲೇ ನಿಂತಿತ್ತು.

“ಯಾಕಮ್ಮ, ನಡಿ,” ಲುವಾ ಎಂದಳು.

“ನನ್ನ ಲೆಕ್ಕ ಇನ್ನೂ ಮುಗಿದಿಲ್ಲ.”

ಉಯೆನ್ ತಲೆ ತಗ್ಗಿಸಿದಳು. “ತಪ್ಪಾಯ್ತು ಅಕ್ಕ. ಅಮ್ಮ ನಂಬಲಿಲ್ಲ, ಆ ಗಾಬರಿಯಲ್ಲಿ ಬಾಯಿಗೆ ಬಂದದ್ದು ಅಂದುಬಿಟ್ಟೆ.”

“ನನಗೆ ಕೇಳಿಸ್ತು. ಬೋಂಗ್‌ಗೆ ಕೇಳಿಸಲಿಲ್ಲ.” ನ್ಯಾನ್ ಗದ್ದದಿಂದ ದೋಣಿಗಳ ಸಾಲನ್ನು ತೋರಿಸಿದಳು. “ಕಳ್ಳಿ ಅಂತ ಎಷ್ಟು ಜೋರಾಗಿ ಕೂಗಿದ್ರೋ, ಅಷ್ಟೇ ಜೋರಾಗಿ.”

ಉಯೆನ್ ತಾಯಿಯನ್ನು ನೋಡಿದಳು. ತಾಯಿ ಅವಳ ಸೊಂಟ ಹಿಡಿದು ಎತ್ತಿ ನಿಲ್ಲಿಸಿದಳು. ದೋಣಿ ಅತ್ತಿತ್ತ ಹೊಯ್ದಾಡಿತು. ಅವಳು ಉಸಿರೆಳೆದುಕೊಂಡು ಕೂಗಿದಳು—

“ಇವಳು ಕದ್ದಿಲ್ಲ! ಬಳೆ ಒಡೆದದ್ದು ನಾನು! ಸುಳ್ಳು ಹೇಳಿದ್ದೂ ನಾನೇ!”

ಗುಡ್ಡ ಆ ಮಾತನ್ನೂ ತಿರುಗಿಸಿ ಕೊಟ್ಟಿತು.

“ಅಯ್ಯೋ ದೇವರೇ,” ಬೋಂಗ್ ಉತ್ತರಿಸಿದಳು, “ಅಷ್ಟಕ್ಕೇನಾ ದಾರಿಯೆಲ್ಲ ಕಟ್ಟಿಹಾಕಿದ್ದು? ನ್ಯಾನ್, ದೋಣಿ ತೆಗಿಯೇ, ಹಿಂದೆ ನಿಂತ ನಮ್ಮ ದೋಣಿಯವರ ಅನ್ನ ಆರಿ ಹೋಗ್ತಿದೆ!”

ನ್ಯಾನ್ ಎರಡೂ ಅಂಗೈಗಳನ್ನು ಹೊಳೆಯಲ್ಲಿ ಅದ್ದಿ, ಪಾಚಿ ಹೋಗುವ ತನಕ ಉಜ್ಜಿ ತೊಳೆದಳು. ಆಮೇಲೆ ಬೆನ್ನು ಆನಿಸಿ, ಪಾದಗಳನ್ನು ಹುಟ್ಟಿನ ಮೇಲಿಟ್ಟು, ಮೂರನೇ ಗುಹೆಯ ಕಡೆಗೆ ದೋಣಿ ನೂಕಿದಳು.