ಕುಗ್ಗಿದ ಹೆಬ್ಬೆರಳು

೨೦೦೩ರ ಫೆಬ್ರವರಿ ೧೧, ಬೆಳಿಗ್ಗೆ ೧೦.೨೦. ಠಾಣೆಗೆ ಬಂದ ರಾಜೇಶ್ವರಿ ಸೆರಗಿನಲ್ಲಿ ಸುತ್ತಿ ತಂದಿದ್ದ ಮಣ್ಣಿನ ಗೊಂಬೆಯನ್ನು ಪಿಎಸ್‌ಐ ಸೋಮಪ್ಪ ಯಲಿಗಾರರ ಮೇಜಿನ ಮೇಲಿಟ್ಟಳು. ಗೇಣುದ್ದದ ಗೊಂಬೆ. ಮೂಗುತಿ, ಜಡೆ, ಕನ್ನಡಕ ಎಲ್ಲ ಥೇಟ್ ಅವಳ ಹಾಗೇ. ಕುತ್ತಿಗೆಯನ್ನು ಮಣ್ಣು ಹಸಿ ಇದ್ದಾಗಲೇ ಕೊಯ್ದು, ಆಮೇಲೆ ಸುಟ್ಟಿದ್ದರು.

"ಇದು ಮೂರನೇದ್ರಿ ಸಾಹೇಬ್ರ. ಮೊದಲನೇದಕ್ಕ ಕೈ ಇರಲಿಲ್ಲ. ಎರಡನೇದಕ್ಕ ಕಣ್ಣ ಕಿತ್ತಿದ್ರು. ಮುಂಜಾನೆದ್ದು ಬಾಗಲಾ ತಗಿಯಾಕ ಅಂಜಿಕಿ ಬರತೈತಿ."

ರಾಜೇಶ್ವರಿ ಮುನವಳ್ಳಿಯ ಹೊರಗೆ, ಮಣ್ಣಿನ ಪಾತ್ರೆ ಸುಡಲು ಆಳು ಹೋಗುವಷ್ಟು ದೊಡ್ಡ ಭಟ್ಟಿ ಕಟ್ಟಿಸಿಕೊಂಡು ಮಣ್ಣು, ಗಾಜಿನಲ್ಲಿ ಕೆಲಸ ಮಾಡುವ ಕಲಾವಿದೆ. ಗಂಡ ಸತ್ತ ಹೆಂಗಸರಿಂದ ಅವರ ಒಡೆದ ಬಳೆಗಳ ಚೂರನ್ನು ಕೇಳಿ ತಂದು ಹಸಿ ಮಣ್ಣಿನ ತಾಟಿನಲ್ಲಿ ಒತ್ತುತ್ತಿದ್ದಳು. ಬೆಂಕಿಗೆ ಗಾಜು ಕರಗಿ ತಾಟಿನ ತಳದಲ್ಲಿ ಹಸಿರು ನೀರಿನ ಹಾಗೆ ನಿಲ್ಲುತ್ತಿತ್ತು. ತಾಟಿನ ಹಿಂದೆ ಆ ಹೆಂಗಸಿನ ಹೆಸರು. ಜನವರಿಯಲ್ಲಿ ಧಾರವಾಡದಲ್ಲಿ ಪ್ರದರ್ಶನವಾಯಿತು. ಅದು ಮುಗಿದ ವಾರಕ್ಕೇ ಮೊದಲ ಗೊಂಬೆ ಬಂದಿತ್ತು.

ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಅವಳ ಮನೆಬಾಗಿಲಲ್ಲಿ ಪಂಚನಾಮೆ ಆಯಿತು. ಗೊಂಬೆಯ ಬೆನ್ನಿನ ಮೇಲೆ ಒಂದು ಹೆಬ್ಬೆರಳಿನ ಗುರುತು ಅಚ್ಚುಕಟ್ಟಾಗಿ ಸುಟ್ಟು ಕೂತಿತ್ತು. ಗೆರೆಗಳು ಒತ್ತೊತ್ತಾಗಿವೆ, ಸಣ್ಣ ಬೆರಳು ಎಂದರು ಬೆರಳಚ್ಚು ತಜ್ಞರು. ಸೋಮಪ್ಪನವರಿಗೆ ಅಷ್ಟೇ ಸಾಕಾಯಿತು. ಇದು ಹೆಂಗಸಿನದೇ ಕೆಲಸ ಎಂದು ಮೀಸೆ ತಿರುವಿ, ಬಳೆ ಕೊಟ್ಟ ಹನ್ನೊಂದು ಹೆಂಗಸರನ್ನೂ ಒಬ್ಬೊಬ್ಬರಾಗಿ ಕರೆಸತೊಡಗಿದರು. ಹತ್ತು ಮಂದಿಯ ಬೆರಳು ಗುರುತಿಗೆ ಕೂಡಲಿಲ್ಲ. ಹಾಗೆ ಒಂಬತ್ತು ದಿನ ಹೋದವು. 

ಫೆಬ್ರವರಿ ೨೦, ಮಧ್ಯಾಹ್ನ ೩.೧೦. ಕೊನೆಯವಳು ಸಾವಂತ್ರೆವ್ವ, ಕುಂಬಾರರ ಮನೆಯ ಸೊಸೆ.

"ಬಳಿ ನೀನ ಕೊಟ್ಟೇನವ್ವಾ?"

"ಹೌದ್ರಿ, ನಾನ ಕೊಟ್ನಿ. ನನ್ನ ಹೆಸರಿನ ತಾಟ ನೋಡಿ ಜೀವಕ್ಕ ಸಮಾಧಾನ ಆತ್ರಿ."

"ಮತ್ತ ಈ ಸಣ್ಣ ಹೆಬ್ಬಟ್ಟ ಯಾರದು?"

ಅವಳು ಗೊಂಬೆಯನ್ನು ತಿರುಗಿಸಿ ನೋಡಿದಳು. "ಸಣ್ಣದಂತ ಯಾರ ಹೇಳಿದ್ರಿ? ಮಣ್ಣ ಒಣಗಿದಾಗ ಕುಗ್ಗತೈತಿ, ಸುಟ್ಟಾಗ ಮತ್ತ ಕುಗ್ಗತೈತಿ. ಮ್ಯಾಲಿನ ಗುರ್ತೂ ಅದರ ಕೂಡ ಕುಗ್ಗತೈತಿ. ಇದು ಗಂಡಸರ ಕೈರಿ."

ಸೋಮಪ್ಪನವರ ಮುಖ ಸಣ್ಣದಾಯಿತು. "ರಾಜೇಶ್ವರಿ ಭಟ್ಟಿ ಸುಡವ್ರು ಯಾರು?"

ಸಾವಂತ್ರೆವ್ವ ಗೊಂಬೆಯನ್ನು ಮೇಜಿನ ಮೇಲಿಟ್ಟು ಸೆರಗಿಗೆ ಕೈ ಒರೆಸಿಕೊಂಡಳು. ಆಮೇಲೆ ಮೆಲ್ಲಗೆ ಅಂದಳು, "ನಮ್ಮ ಮಾವಾರ್ರಿ. ವಿರೂಪಾಕ್ಷಪ್ಪ. ಇವತ್ತ ಭಟ್ಟಿ ತುಂಬಾಕ ಅಲ್ಲೇ ಹೋಗ್ಯಾರ."

ಪೇದೆ ಪೀರಸಾಬ ಜೀಪನ್ನು ಹೊಂಡ ನೋಡದೆ ಓಡಿಸಿದ. ಸೋಮಪ್ಪನವರು ದಾರಿಯುದ್ದಕ್ಕೂ ಗಡಿಯಾರ ನೋಡುತ್ತಿದ್ದರು. ಅವರಿಗೆ ನಿಜಕ್ಕೂ ಹೆದರಿಕೆಯಾಗಿತ್ತು.

೩.೪೦. ವಿರೂಪಾಕ್ಷ ಭಟ್ಟಿಯ ಬಾಗಿಲಿಗೆ ಇಟ್ಟಿಗೆ ಕಟ್ಟುತ್ತಿದ್ದ. ಒಬ್ಬರು ಒಳಗೆ ಕೂತು ಪಾತ್ರೆ ಜೋಡಿಸುವಾಗ ಹೊರಗಿನವರು ಮೂರು ಸಾಲು ಕಟ್ಟುವುದು ಅವರ ರೂಢಿ. ಒಳಗಿನವರು ಅದನ್ನು ದಾಟಿ ಬಂದ ಮೇಲೆಯೇ ಉಳಿದದ್ದು. ಈಗ ಗೋಡೆ ಅವನ ಎದೆಮಟ್ಟ ಬಂದಿತ್ತು.

ಒಳಗಿನಿಂದ ರಾಜೇಶ್ವರಿಯ ದನಿ. "ವಿರೂಪಾಕ್ಷಣ್ಣಾ, ಕತ್ತಲ ಆತಲ್ರಿ?"

ಅವನು ಇನ್ನೊಂದು ಇಟ್ಟಿಗೆ ಇಟ್ಟು ಮೇಲೆ ರಾಡಿ ಮೆತ್ತಿದ.

ಪೀರಸಾಬ ಓಡಿ ಬಂದು ಒದ್ದ. ಹಸಿ ಗೋಡೆ ಕುಸಿಯಿತು. ತೆವಳಿಕೊಂಡು ಹೊರಬಂದ ರಾಜೇಶ್ವರಿ ಆ ಗೋಡೆಯನ್ನೂ ವಿರೂಪಾಕ್ಷನನ್ನೂ ನೋಡಿ ಪೀರಸಾಬನ ಹಿಂದೆ ಸರಿದು ನಿಂತಳು. 

೩.೫೫ಕ್ಕೆ ವಿರೂಪಾಕ್ಷನನ್ನು ಬಂಧಿಸಲಾಯಿತು. ಕಲಂ ೩೦೭, ಕೊಲೆ ಯತ್ನ. ಅವನ ಹೆಬ್ಬೆರಳನ್ನು ಪಂಚರ ಸಮಕ್ಷಮ ಹಸಿ ಮಣ್ಣಿನ ಮೇಲೆ ಒತ್ತಿಸಿ, ಸುಟ್ಟು, ತಜ್ಞರಿಗೆ ಕಳುಹಿಸಿದರು. ಗೆರೆಗೆ ಗೆರೆ ಕೂಡಿತು.

ಠಾಣೆಯಲ್ಲಿ ಅವನು ಏನನ್ನೂ ಮುಚ್ಚಿಡಲಿಲ್ಲ.

"ಬೆಂಕಿ ಹಚ್ಚಾಂವ ಇದ್ದೇನು?"

"ಗೊತ್ತಿಲ್ರಿ."

"ಯಾಕ ಮಾಡಿದಿ?"

"ನನಗ ಓದಾಕ ಬರೂದಿಲ್ರಿ. ತಾಟ ಇಳಸಾಕ ಧಾರವಾಡಕ್ಕ ಹೋಗಿದ್ನಿ, ಅಲ್ಲಿ ಯಾರೋ ಹಿಂದಿನ ಹೆಸರ ಓದಿದ್ರು. ಸಾವಂತ್ರೆವ್ವ. ಆವಾಗ ತಿಳೀತು, ನನ್ನ ಮಗನ ಹೆಸರಲೇ ಒಡದ ಬಳಿ ಅವು. ಮಗಗ ಮಣ್ಣ ಕೊಟ್ಟ ಕೈರಿ ಇದು. ಇದ ಕೈಲೇ ಆ ಬಳಿಗೆ ಬೆಂಕಿ ಇಡಿಸಿದ್ರು. ಆಕಿ, ನನ್ನ ಸೊಸಿ, ಇಬ್ಬರೊಳಗ ಒಬ್ಬರಾದ್ರೂ ನನ್ನ ಒಂದ ಮಾತ ಕೇಳಬಾರದೇನ್ರಿ?"

ಗೋಡೆಯಾಚೆಯ ಬೆಂಚಿನ ಮೇಲೆ ರಾಜೇಶ್ವರಿಯೂ ಸಾವಂತ್ರೆವ್ವನೂ ಕೂತಿದ್ದರು. ಇಬ್ಬರಿಗೂ ಕೇಳಿಸಿತು.