ಹೆಸರು ಹೇಳದ ಹಿರಿಯ

"ಯಾಂವಲೇ ನನ್ನ ಮ್ಯಾಲ ಮಾತ ಎತ್ತಿದಾಂವ? ಹೇಳ! ಇಲ್ಲಂದ್ರ ಇಲ್ಲೇ ಹೆಣಾ ಬೀಳ್ತೈತಿ!"

ನಿಂಗಪ್ಪನ ಕೈಯಲ್ಲಿದ್ದ ಕೊಡಲಿ ಕಾವು ಅಮರೇಶನ ಹುಬ್ಬು ಸೀಳಿ ಹೆಗಲಿಗೆ ಬಿತ್ತು. ಆರಾಧನೆಗೆ ಕುಳಿತಿದ್ದ ಹೆಂಗಸರು ಚೀರಿದರು.

ನರಗುಂದದ ಆ ಪುಟ್ಟ ಚರ್ಚಿಗೆ ಪಾಸ್ಟರ್ ಬರುವುದು ತಿಂಗಳಿಗೊಮ್ಮೆ. ಉಳಿದಂತೆ ಪ್ರಸಂಗ, ಪ್ರಾರ್ಥನೆ, ರೋಗಿಗಳ ಭೇಟಿ ಎಲ್ಲವನ್ನೂ ಸಭೆಯವರೇ ವಯಸ್ಸು ನೋಡದೆ ಆರಿಸಿದ ಐದು ಮಂದಿ ಹಿರಿಯರು ಪಾಳಿ ಪ್ರಕಾರ ನಡೆಸುತ್ತಿದ್ದರು. ಅವರದೊಂದು ಕಟ್ಟಳೆ: ತೀರ್ಮಾನವಾದ ಮೇಲೆ 'ನಾವು' ಎನ್ನಬೇಕು, ಮಾತು ಎತ್ತಿದವರು ಯಾರೆಂದು ಹೊರಗೆ ಬಾಯಿ ಬಿಡಬಾರದು.

ಹೆಂಡತಿ ಮಾನವ್ವನ ಕೈ ಮುರಿದ ನಿಂಗಪ್ಪನನ್ನು ಹಿರೇತನದಿಂದ ಇಳಿಸಿದ್ದೇವೆಂದು ಇಂದು ಸಾರುವ ಪಾಳಿ ಅಮರೇಶನದಾಗಿತ್ತು.

ಮಾತು ಎತ್ತಿದ್ದು ಮಾತ್ರ ನಿಂಗಪ್ಪನ ಸ್ವಂತ ತಂಗಿ ಎಸ್ತೇರ! ಅವಳೂ ಆ ಐವರಲ್ಲಿ ಒಬ್ಬಳು. ನಿನ್ನೆಯ ಕೂಟದಲ್ಲಿ ಅವಳು ಒಬ್ಬಳೇ ಎದ್ದು ಹೇಳುವಾಗ ಅಮರೇಶ ತಲೆ ತಗ್ಗಿಸಿ ಕುಳಿತುಬಿಟ್ಟಿದ್ದ. ಒಂದು ಮಾತೂ ಇಲ್ಲ!

'ಇಂಥಾ ಪುಕ್ಕಲನ ಮ್ಯಾಲ ಮನಸ ಇಟ್ನಲ್ಲಾ...' ಎಂದು ಮನೆಗೆ ಬಂದು ಅತ್ತಿದ್ದಳು.

ಈಗ ಅದೇ ಪುಕ್ಕಲನ ಹುಬ್ಬಿನಿಂದ ರಕ್ತ ಇಳಿಯುತ್ತಿತ್ತು.

"ಹೆಸರ ಹೇಳ!"

"ನಾವು, ಅಣ್ಣಾರ."

ಇನ್ನೊಂದು ಏಟು. ಅಮರೇಶ ಮೊಣಕಾಲೂರಿ ಕುಸಿದ.

"ಯಾರಲೇ?"

"ನಾವ..."

ಎಸ್ತೇರಳಿಗೆ ತಡೆಯಲಾಗಲಿಲ್ಲ. ನಡುವೆ ನುಗ್ಗಿದಳು.

"ನಾನ, ಅಣ್ಣಾ! ಮಾನವ್ವ ವೈನಿ ಕೈ ಲಟಕ್ ಅಂದಿದ್ದು ಕೇಳಿದಾಕಿ ನಾನ!"

ನಿಂಗಪ್ಪನ ಕಣ್ಣು ಕೆಂಡವಾಯಿತು. ಕಾವು ಅವಳ ನೆತ್ತಿಯ ಮೇಲೆ ಎದ್ದಿತು... ಅಮರೇಶ ಎದ್ದವನೇ ತೋಳು ಅಡ್ಡ ಕೊಟ್ಟ. ಎಲುಬು ಮುರಿದ ಸದ್ದು ಇಡೀ ಚರ್ಚಿಗೆ ಕೇಳಿತು!

ಉಳಿದಿಬ್ಬರು ಹಿರಿಯರು ನಿಂಗಪ್ಪನನ್ನು ಕೆಡವಿ ಅವನ ಮೇಲೆ ಕುಳಿತರು.

"ಪೊಲೀಸರಿಗೆ ಫೋನ್ ಹಚ್ರಿ," ಎಂದಳು ಮಾನವ್ವ. ಗಂಡನ ಎದುರು ಅವಳು ದನಿ ಎತ್ತಿದ್ದು ಅದೇ ಮೊದಲು.

ಎಸ್ತೇರ ಅಮರೇಶನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು.

"ನಿನ್ನಿ ಯಾಕ ಬಾಯಿ ತಗೀಲಿಲ್ಲರಿ? ನಾ ಒಬ್ಬಾಕಿನ..."

"ನಾ ಬಾಯಿ ಹಾಕಿದ್ರ, ಅಮರೇಶ ಹೇಳಿಕೊಟ್ಟಾನ, ಹುಡುಗಿ ಗಿಣಿ ಹಂಗ ಒದರ್ತಾಳ ಅಂತಿದ್ರು. ನಿನ್ನ ಮಾತು ನಿಂದ ಆಗಿ ನಿಲ್ಲಬೇಕಿತ್ತು."

ಅವಳು ಸೆರಗನ್ನು ಅವನ ಹುಬ್ಬಿಗೆ ಒತ್ತಿ ಹಿಡಿದಳು.

"ಹುಚ್ಚ ಅದೀರಿ ನೀವು! ಇಂಥವರನ್ನ ಕಟಗೊಂಡು ನಾ ಹ್ಯಾಂಗ ಬಾಳೇ ಮಾಡ್ಲಿ?"

"ಮಾಡ್ತೀಯೇನ್ ಮತ್ತ?"

"ಮೊದಲ ದವಾಖಾನಿಗೆ ನಡೀರಿ..." ಕಣ್ಣೊರೆಸಿಕೊಂಡಳು. "ಮಾಡ್ತೀನಿ."

ಹೊರಗೆ ಟಂಟಂ ಆಟೋ ಬಂದು ನಿಂತಿತು. ಅದನ್ನು ಓಡಿಸುವ ಗೌಸುಸಾಬ, ಇಬ್ಬರಿಗೂ ಜಾಗವಾಗಲೆಂದು, ಹಿಂದಿನ ಸೀಟಿನ ಮೇಲಿದ್ದ ಹೆಸರುಕಾಳಿನ ಚೀಲವನ್ನು ಎತ್ತಿ ಕೆಳಗಿಟ್ಟ.